ಗೀಸರ್ ಸ್ವಿಚ್ ಒಳಗೆ ಬರಲಿ

ಊರಿನ ಮನೆಗಳಲ್ಲಿ ಬಾತ್‌ರೂಮಿನ ಬಾಗಿಲ ಪಕ್ಕ, ಹೊರಗಡೆ ಗೋಡೆಯ ಮೇಲೆ, ಕೆಂಪು ದೀಪದ ಒಂದು ದಪ್ಪ ಸ್ವಿಚ್ ಇರುತ್ತೆ. ಹಾಕಿದರೆ ದೀಪ ಉರಿಯುತ್ತೆ, ತೆಗೆದರೆ ಆರುತ್ತೆ. ಬೀಗ ಹಾಕಿ ಮೆಟ್ಟಿಲಿಳಿದ ಮೇಲೂ "ಗೀಸರ್ ಆಫ್ ಮಾಡಿದ್ಯೇನೋ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ವಾಪಸ್ ಹೋಗಿ ನೋಡೋದಕ್ಕೆ ಅರ್ಧ ನಿಮಿಷ ಸಾಕು, ಯಾಕಂದ್ರೆ ಆ ಕೆಂಪು ದೀಪ ಹಾಲಿನಿಂದಲೇ ಕಾಣುತ್ತೆ.

ಅಮೆರಿಕದ ಆರ್‌ವಿಗಳಲ್ಲಿ, ಅಂದರೆ ಮನೆಯನ್ನೇ ಚಕ್ರದ ಮೇಲೆ ಇಟ್ಟ ಹಾಗಿರುವ ಗಾಡಿಗಳಲ್ಲಿ, ಈ ಸೌಕರ್ಯ ಎಷ್ಟೋ ಕಡೆ ಇರುವುದಿಲ್ಲ. ಬಹಳ ಗಾಡಿಗಳಲ್ಲಿರೋದು ಸಬರ್ಬನ್ ಕಂಪನಿಯ ಎಸ್‌ಡಬ್ಲ್ಯೂ6ಡಿಇ ತರಹದ ಹೀಟರ್. ಆರು ಗ್ಯಾಲನ್ ಟ್ಯಾಂಕು, ಅಂದರೆ ಸುಮಾರು 22.7 ಲೀಟರ್. ಗ್ಯಾಸಿನಲ್ಲೂ ಕಾಯುತ್ತೆ, ಕರೆಂಟಿನಲ್ಲೂ ಕಾಯುತ್ತೆ. ಗ್ಯಾಸಿನ ಸ್ವಿಚ್ ಒಳಗಡೆ ಪ್ಯಾನೆಲ್ ಮೇಲಿದೆ. ಕರೆಂಟಿನ ಸ್ವಿಚ್ ಮಾತ್ರ ಗಾಡಿಯ ಹೊರಗೆ, ಹೀಟರಿನ ಲೋಹದ ಮುಚ್ಚಳ ತೆಗೆದರೆ ಕೆಳಗಡೆ ಎಡಮೂಲೆಯಲ್ಲಿ, ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ಗುಂಡಿ. ಮಳೆಯಲ್ಲಿ ಟಾರ್ಚ್ ಹಿಡಿದು, ಬಗ್ಗಿ, ಅದನ್ನು ಹುಡುಕಬೇಕು. ದೀಪ ಇಲ್ಲ. ಹಾಕಿದೆಯೋ ಇಲ್ಲವೋ ಅಂತ ಒಳಗಿದ್ದವರಿಗೆ ಗೊತ್ತಾಗೋದು ಸ್ನಾನಕ್ಕೆ ನಿಂತಾಗಲೇ.

ನಮ್ಮ ಗೆಳೆಯರಲ್ಲಿ ಇಬ್ಬರು ಮೂವರು ಸೇರಿ ಹಳೇ ಟ್ರೇಲರ್ ಕೊಳ್ಳುವವರಿದ್ದಾರೆ, ಬಾಡಿಗೆ ಉಳಿಸೋಕೆ ಅದರಲ್ಲೇ ವಾಸ ಮಾಡೋ ಯೋಚನೆಯಲ್ಲಿರುವವರೂ ಇದ್ದಾರೆ. ಅವರಿಗಾಗಿ ಈ ಬರಹ. ರಜೆಗೆ ಬಾಡಿಗೆಗೆ ತಂದ ಗಾಡಿಯ ವೈರಿಂಗ್ ಮಾತ್ರ ದಯವಿಟ್ಟು ಮುಟ್ಟಬೇಡಿ. ಅದು ನಿಮ್ಮದಲ್ಲ, ಏನಾದರೂ ಹೆಚ್ಚುಕಮ್ಮಿ ಆದರೆ ಕೈಗೆ ಬರುವ ಬಿಲ್ ಮಾತ್ರ ನಿಮ್ಮದೇ.

ಗ್ಯಾಸ್ ಇದ್ದಮೇಲೆ ಕರೆಂಟು ಯಾಕೆ ಬೇಕು? ಕ್ಯಾಂಪ್‌ಗ್ರೌಂಡಿನಲ್ಲಿ ಒಂದು ರಾತ್ರಿಯ ಬಾಡಿಗೆಯಲ್ಲಿ ಸಾಮಾನ್ಯವಾಗಿ ಕರೆಂಟೂ ಸೇರಿರುತ್ತೆ. ಪ್ರೊಪೇನ್ ಸಿಲಿಂಡರ್ ನಿಮ್ಮ ಜೇಬಿನದು. ಅದಕ್ಕೇ ಕಂಬದ ಕರೆಂಟು ಸಿಕ್ಕ ಕಡೆ ಎಲ್ಲರೂ ಎಲಿಮೆಂಟ್ ಹಾಕುತ್ತಾರೆ. ಕಂಬ ಇಲ್ಲದ ಕಡೆ ಅದರ ಆಸೆ ಬಿಡಬೇಕು. 100 ಆಂಪ್-ಅವರ್‌ನ 12 ವೋಲ್ಟ್ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿದರೂ ಆ ಎಲಿಮೆಂಟು ಒಂದು ಗಂಟೆ ಉರಿಯೋಲ್ಲ.

ಈಗ ಲೆಕ್ಕ. ಎಲಿಮೆಂಟು 1440 ವ್ಯಾಟ್. ಬೆಂಗಳೂರಿನ ಮನೆಗಳ 15 ಲೀಟರ್ ಗೀಸರ್ ಸಾಮಾನ್ಯವಾಗಿ 2000 ವ್ಯಾಟ್. ಹಾಗಾದರೆ ಇಲ್ಲಿಯದು ಸಣ್ಣದು, ಇದಕ್ಕೇನು ದೊಡ್ಡ ಸ್ವಿಚ್ ಬೇಕು ಅಂತ ಅನ್ನಿಸಬಹುದು. ಇಲ್ಲೇ ಲೆಕ್ಕ ತಪ್ಪೋದು. ಊರಲ್ಲಿ 230 ವೋಲ್ಟ್, 2000 ವ್ಯಾಟಿಗೆ ಹರಿಯುವುದು 8.7 ಆಂಪ್. ಇಲ್ಲಿ 120 ವೋಲ್ಟ್, 1440 ವ್ಯಾಟಿಗೇ 12 ಆಂಪ್ ಹರಿಯುತ್ತೆ. ವೈರು, ಸ್ವಿಚ್ಚು ಬಿಸಿಯಾಗೋದು ಆಂಪಿನಿಂದ, ವ್ಯಾಟಿನಿಂದಲ್ಲ. ಅದೂ ಒಂದೆರಡು ನಿಮಿಷ ಅಲ್ಲ. 15 ಡಿಗ್ರಿ ನೀರು 55 ಡಿಗ್ರಿಗೆ ಬರಬೇಕಾದರೆ ಮುಕ್ಕಾಲು ಗಂಟೆ ಬೇಕು. ಹೀಗೆ ಎಡೆಬಿಡದೆ ಹರಿಯುವ ಕರೆಂಟಿಗೆ ಇಲ್ಲಿಯ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಬ್ರೇಕರಿನ ಶೇಕಡಾ 80ರ ಮಿತಿ ಇಟ್ಟುಕೊಂಡು ಲೆಕ್ಕ ಹಾಕುತ್ತೆ. 15 ಆಂಪಿನ ಶೇಕಡಾ 80 ಅಂದರೆ ಸರಿಯಾಗಿ 12. ಹೀಟರ್ ನಿಂತಿರುವುದು ಆ ಗೆರೆಯ ಮೇಲೆಯೇ. ಆದ್ದರಿಂದ ಸ್ವಿಚ್ ಕೊಳ್ಳುವಾಗ 20 ಆಂಪಿನದನ್ನೇ ಕೊಳ್ಳಿ. 15 ಆಂಪಿನದು ನಿಯಮದ ಪ್ರಕಾರ ನಡೆಯಬಹುದು, ಆದರೆ ಕೆಲವೇ ಡಾಲರ್ ಉಳಿಸಲು ಗೆರೆಯ ಮೇಲೆ ನಿಲ್ಲೋದರಲ್ಲಿ ಅರ್ಥ ಇಲ್ಲ.

ಸ್ವಿಚ್ ಒಳಗೇ ಬೇಕು ಅನ್ನೋಕೆ ಇನ್ನೊಂದು ಕಾರಣ 30 ಆಂಪಿನ ಗಾಡಿಗಳು. ಇಡೀ ಗಾಡಿಗೆ ಸಿಗುವುದು 3600 ವ್ಯಾಟ್. ಎಸಿ 12ರಿಂದ 15 ಆಂಪ್ ಎಳೆಯುತ್ತೆ, ಹೀಟರ್ 12. ಅಷ್ಟೊತ್ತಿಗೆ ಯಾರೋ ರಾತ್ರಿಯ ಸಾರು ಬಿಸಿ ಮಾಡೋಕೆ ಮೈಕ್ರೋವೇವ್ ಹಾಕುತ್ತಾರೆ. ಟಪ್ ಅಂತ ಎಲ್ಲ ಕತ್ತಲೆ. ಹೀಟರಿನ ಸ್ವಿಚ್ ಕೈಗೆಟುಕುವಂತಿದ್ದರೆ ಐದು ನಿಮಿಷ ಆರಿಸಿ, ಸಾರು ಬಿಸಿ ಮಾಡಿ, ಮತ್ತೆ ಹಾಕಬಹುದು. ಹೊರಗಿದ್ದರೆ ಯಾರೂ ಹೋಗಲ್ಲ, ಹೋಗಲಿ ಬಿಡು ಅಂತಾರೆ.

ಇದಕ್ಕಿಂತ ದೊಡ್ಡ ಅಪಾಯ ಖಾಲಿ ಟ್ಯಾಂಕು. ಎಲಿಮೆಂಟು ನೀರಿನಲ್ಲಿ ಮುಳುಗಿದ್ದರೆ ಮಾತ್ರ ಬದುಕುತ್ತೆ. ಒಣ ಟ್ಯಾಂಕಿನಲ್ಲಿ ಕರೆಂಟು ಹರಿದರೆ ಅದು ಸುಟ್ಟುಹೋಗೋಕೆ ನಿಮಿಷವೂ ಬೇಡ. ಚಳಿಗಾಲಕ್ಕೆ ಮುಂಚೆ ನೀರು ಹೆಪ್ಪುಗಟ್ಟಿ ಟ್ಯಾಂಕು ಒಡೆಯದಿರಲಿ ಅಂತ ಎಲ್ಲರೂ ನೀರು ಬಸಿದು, ಬೈಪಾಸ್ ವಾಲ್ವ್ ತಿರುಗಿಸಿಟ್ಟಿರುತ್ತಾರೆ. ವಸಂತದಲ್ಲಿ ಗಾಡಿ ತೆಗೆದು ನೀರಿನ ಪೈಪ್ ಜೋಡಿಸಿದಾಗ ನಲ್ಲಿಯಲ್ಲಿ ನೀರು ಚೆನ್ನಾಗೇ ಬರುತ್ತೆ. ಬಿಸಿನೀರಿನ ನಲ್ಲಿಯಲ್ಲೂ ಬರುತ್ತೆ! ಆದರೆ ಅದು ಟ್ಯಾಂಕಿಗೆ ಹೋಗದೆ ಬೈಪಾಸಿನಲ್ಲಿ ಸುತ್ತಿ ಬಂದ ತಣ್ಣೀರು. ಹೊರಗಿನ ಗುಂಡಿ ಕಳೆದ ಅಕ್ಟೋಬರಿನಿಂದ ಆನ್ ಆಗಿಯೇ ಇದ್ದರೆ, ಕಂಬಕ್ಕೆ ಪ್ಲಗ್ ಚುಚ್ಚಿದ ಕ್ಷಣವೇ ಎಲಿಮೆಂಟಿನ ಕಥೆ ಮುಗೀತು. ಟ್ಯಾಂಕ್ ತುಂಬಿದೆಯಾ ಅಂತ ಖಾತ್ರಿ ಆಗಬೇಕಾದರೆ ಹೊರಗೆ ಹೀಟರಿನ ಮೇಲ್ಭಾಗದಲ್ಲಿರುವ ಪ್ರೆಶರ್ ರಿಲೀಫ್ ವಾಲ್ವಿನ ಹಿಡಿಯನ್ನು ಎತ್ತಿ, ನೀರು ಬರುತ್ತಾ ನೋಡಿ. ಹೀಟರ್ ತಣ್ಣಗಿರುವಾಗ ಮಾತ್ರ.

ಹಾಗಾಗಿ ಒಳಗೆ ಬರಬೇಕಾದ್ದು ಬರೀ ಸ್ವಿಚ್ ಅಲ್ಲ, ದೀಪ ಇರುವ ಸ್ವಿಚ್. ಅಂಗಡಿಯಲ್ಲಿ ದೀಪದ ಸ್ವಿಚ್ ಅಂತ ಎರಡು ಬಗೆ ಸಿಗುತ್ತೆ. ಇಲ್ಯುಮಿನೇಟೆಡ್ ಅಂತ ಬರೆದಿದ್ದರೆ ಆಫ್ ಇದ್ದಾಗ ದೀಪ ಉರಿಯುತ್ತೆ, ಕತ್ತಲಲ್ಲಿ ಸ್ವಿಚ್ ಸಿಗಲಿ ಅಂತ. ಪೈಲಟ್ ಲೈಟ್ ಅಂತ ಇದ್ದರೆ ಆನ್ ಇದ್ದಾಗ ಉರಿಯುತ್ತೆ. ನಮಗೆ ಬೇಕಾದ್ದು ಎರಡನೆಯದು. ನಮ್ಮವರಿಗೆ ಇದು ಇನ್ನೂ ಮುಖ್ಯ. ಊರಲ್ಲಿ ಸ್ವಿಚ್ ಕೆಳಗೆ ಒತ್ತಿದರೆ ಆನ್, ಇಲ್ಲಿ ಮೇಲೆತ್ತಿದರೆ ಆನ್. ಇಲ್ಲಿಗೆ ಬಂದು ವರ್ಷಗಳಾದರೂ ನಿದ್ದೆಗಣ್ಣಲ್ಲಿ ಕೈ ಊರಿನ ಅಭ್ಯಾಸಕ್ಕೇ ಹೋಗುತ್ತೆ.

ಸ್ವಿಚ್ ಒಳಗೆ ತರೋಕೆ ದಾರಿ ಎರಡು. ಮೊದಲನೆಯದು ನೇರವಾದದ್ದು. ಬ್ರೇಕರ್ ಪ್ಯಾನೆಲಿನಿಂದ ಹೀಟರಿಗೆ ಹೋಗುವ 120 ವೋಲ್ಟಿನ ಕೇಬಲ್ಲನ್ನೇ ಮಧ್ಯದಲ್ಲಿ ತಡೆದು ಗೋಡೆಗೆ ಸ್ವಿಚ್ ಹಾಕೋದು. ಪ್ಯಾನೆಲ್ ಪಕ್ಕದಲ್ಲೇ ಒಳ್ಳೇ ಜಾಗ ಸಿಕ್ಕಿದರೆ ಇದೇ ಸುಲಭ. ಸ್ವಿಚ್ ತಡೆಯಬೇಕಾದ್ದು ಫೇಸ್ ವೈರನ್ನು ಮಾತ್ರ. ಪೈಲಟ್ ದೀಪ ಉರಿಯೋಕೆ ನ್ಯೂಟ್ರಲ್ಲಿನ ಒಂದು ಕವಲು ಬೇಕು. ಹಸಿರು ಅಥವಾ ಬರಿಮೈ ತಾಮ್ರದ ಅರ್ಥಿಂಗ್ ಎಲ್ಲೂ ಕಡಿಯದೆ ಮುಂದಕ್ಕೆ ಹೋಗಬೇಕು. ಬ್ರೇಕರ್ 15 ಆಂಪ್ ಇದ್ದರೆ 14 ಗೇಜಿನ ವೈರು, 20 ಇದ್ದರೆ 12 ಗೇಜು. ಸಂಖ್ಯೆ ಕಡಿಮೆಯಾದಷ್ಟೂ ವೈರು ದಪ್ಪ, ಮರೀಬೇಡಿ. ಪ್ರತಿ ಜೋಡಣೆಯೂ ಮುಚ್ಚಳ ಇರುವ ಬಾಕ್ಸಿನೊಳಗೆ, ಮುಂದೆ ಯಾರಾದರೂ ತೆರೆದು ನೋಡೋಕೆ ಆಗುವ ಜಾಗದಲ್ಲಿರಬೇಕು. ಟೇಪ್ ಸುತ್ತಿ ಪ್ಲೈವುಡ್ ಹಿಂದೆ ತಳ್ಳಿದರೆ, ಗಾಡಿ ಓಡುವಾಗಿನ ಕುಲುಕಾಟಕ್ಕೆ ಅದು ಸಡಿಲಾಗುತ್ತೆ. ಸಡಿಲಾದ ಕಡೆ 12 ಆಂಪ್ ಹರಿದರೆ ಕಾಯುತ್ತೆ, ಸುತ್ತ ಇರೋದು ತೆಳು ಮರ, ಫೋಮು. ಬೆಂಕಿ ಹತ್ತಿದರೆ ಒಂದೇ ಬಾಗಿಲು.

ಬಣ್ಣದ ಬಗ್ಗೆ ಒಂದು ಮಾತು, ಈ ಲೇಖನದಲ್ಲಿ ಬೇರೇನೂ ನೆನಪಿರದಿದ್ದರೂ ಇದಿರಲಿ. ಊರಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಅಪ್ಪನ ಜೊತೆ ನಿಂತು ಫ್ಯಾನ್ ರೆಗ್ಯುಲೇಟರ್ ಬದಲಾಯಿಸಿದವರ ತಲೆಯಲ್ಲಿ ಅದೇ ಕೂತಿರುತ್ತೆ. ಅಮೆರಿಕದಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಕಪ್ಪಲ್ವಾ, ಏನೂ ಆಗಲ್ಲ ಅಂತ ಮುಟ್ಟಿದರೆ ಪ್ರಾಣಕ್ಕೇ ಬರುತ್ತೆ. ಆರ್‌ವಿಯ 12 ವೋಲ್ಟ್ ಕಡೆಯ ಬಣ್ಣಗಳು ಬೇರೆಯೇ, ಹಳೇ ಗಾಡಿಯಲ್ಲಿ ಹಿಂದಿನ ಮಾಲೀಕರ ಕೈಚಳಕ ಇನ್ನೂ ಬೇರೆ. ಬಣ್ಣ ನಂಬಬೇಡಿ, ಮೀಟರ್ ನಂಬಿ. ಇನ್ನೊಂದು: ಗಾಡಿಯೊಳಗೆ ಬಿಳಿ ವೈರನ್ನೂ ಹಸಿರು ವೈರನ್ನೂ ಎಲ್ಲಿಯೂ ಸೇರಿಸಬಾರದು. ಅವೆರಡು ಸೇರುವುದು ಗಾಡಿಯ ಹೊರಗೆ, ಕ್ಯಾಂಪ್‌ಗ್ರೌಂಡಿನ ಕರೆಂಟು ವ್ಯವಸ್ಥೆಯಲ್ಲಿ. ಒಳಗೇ ಸೇರಿಸಿದರೆ ಗಾಡಿಯ ಲೋಹದ ಮೈಗೆ ಕರೆಂಟು ಬರೋ ಸಾಧ್ಯತೆ ಇದೆ, ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಹಿಡಿದವರಿಗೆ ಅದು ತಿಳಿಯುತ್ತೆ.

ಎರಡನೇ ದಾರಿ ರಿಲೇ. ಹೀಟರಿನ ಹಿಂಭಾಗ ಸಾಮಾನ್ಯವಾಗಿ ಮಂಚದ ಕೆಳಗೋ ಡ್ರಾಯರಿನ ಹಿಂದೋ ಇರುತ್ತೆ. ಅಲ್ಲೇ ಕೇಬಲ್ ಬಂದು ಸೇರುವ ಜಾಗದಲ್ಲಿ ಲೋಹದ ಬಾಕ್ಸಿನೊಳಗೆ ರಿಲೇ ಕೂರಿಸಬೇಕು. 120 ವೋಲ್ಟ್ ಅಲ್ಲೇ ಉಳಿಯುತ್ತೆ. ಗೋಡೆಯೊಳಗೆ ಪ್ಯಾನೆಲಿನ ತನಕ ಬರೋದು 12 ವೋಲ್ಟಿನ ಎರಡು ತೆಳು ವೈರು, ಹಾಕಬೇಕಾದ್ದು ಒಂದು ಸಣ್ಣ ಸ್ವಿಚ್ಚು, ಬ್ಯಾಟರಿ ಕಡೆಯಲ್ಲಿ ಒಂದು ಸಣ್ಣ ಫ್ಯೂಸ್. ಹೀಟರಿಂದ ಪ್ಯಾನೆಲ್ ದೂರ ಇರುವ ಗಾಡಿಗಳಿಗೆ ನನ್ನ ಮತ ಇದಕ್ಕೇ. ಕೆಲವು ಹೊಸ ಮಾದರಿಗಳಲ್ಲಿ ಕಂಪನಿಯವರೇ ಹೀಗೆ ರಿಲೇ ಇಟ್ಟು ಕೊಡ್ತಾರೆ. ಆದ್ದರಿಂದ ಹೀಟರಿನ ಮೇಲಿನ ಮಾಡೆಲ್ ನಂಬರ್ ಮೊದಲು ನೋಡಿ, ಇದ್ದದ್ದನ್ನೇ ಮತ್ತೆ ಕಟ್ಟೋದು ಬೇಡ.

ರಿಲೇ ಕೊಳ್ಳುವಾಗ ಬಿಡಿಭಾಗದ ಅಂಗಡಿಯಲ್ಲಿ 40 ಆಂಪ್ ಅಂತ ಬರೆದ ಕಾರಿನ ಚೌಕದ ರಿಲೇ ಅಗ್ಗಕ್ಕೆ ಕಾಣುತ್ತೆ. ಅದು ಬೇಡ. ಆ 40 ಆಂಪ್ ಕಾರಿನ 12 ವೋಲ್ಟಿಗೆ ಹೇಳಿದ್ದು, 120 ವೋಲ್ಟ್ ಎಸಿಯನ್ನು ತಡೆಯೋಕೆ ಅದನ್ನು ಮಾಡಿಲ್ಲ. ಕಾಯಿಲ್ 12 ವೋಲ್ಟ್ ಡಿಸಿ, ಕಾಂಟ್ಯಾಕ್ಟ್ 120 ವೋಲ್ಟ್ ಎಸಿಯಲ್ಲಿ 20 ಆಂಪ್ ಅಥವಾ ಹೆಚ್ಚು ಅಂತ ಮೈಮೇಲೆ ಬರೆದಿರುವ, ಯುಎಲ್ ಗುರುತಿರುವ ರಿಲೇ ತಗೊಳ್ಳಿ.

ಪ್ಯಾನೆಲಿನ ದೀಪದ ಬಣ್ಣವನ್ನೂ ಯೋಚಿಸಿ ಆರಿಸಿ. ಗ್ಯಾಸ್ ಸ್ವಿಚ್ಚಿನ ಪಕ್ಕ ಈಗಾಗಲೇ ಒಂದು ಕೆಂಪು ದೀಪ ಇರುತ್ತೆ. ಅದು ಹತ್ತಿಕೊಂಡೇ ನಿಂತರೆ ಬರ್ನರ್ ಉರೀತಿದೆ ಅಂತ ಅಲ್ಲ, ಹತ್ತಲೇ ಇಲ್ಲ ಅಂತ ಅರ್ಥ. ಊರಿನ ಗೀಸರಿನ ಕೆಂಪು ದೀಪಕ್ಕೆ ತದ್ವಿರುದ್ಧ! ಅದರ ಪಕ್ಕ ಇನ್ನೊಂದು ಕೆಂಪು ಇಟ್ಟರೆ ಬಂದವರೆಲ್ಲ ಗೊಂದಲಕ್ಕೆ ಬೀಳ್ತಾರೆ. ಹಳದಿ ಹಾಕಿ, ಕೆಳಗೆ ಕನ್ನಡದಲ್ಲೇ "ಕರೆಂಟು ಗೀಸರ್" ಅಂತ ಬರೆದು ಅಂಟಿಸಿ. ಈ ದೀಪ ಹೇಳೋದು ರಿಲೇಗೆ ಆಜ್ಞೆ ಹೋಗಿದೆ ಅಂತ ಮಾತ್ರ. ಬ್ರೇಕರ್ ಬಿದ್ದಿದ್ದರೂ ಅದು ಉರಿಯುತ್ತೆ. ನೇರ ಸ್ವಿಚ್ಚಿನ ಪೈಲಟ್ ದೀಪ 120 ವೋಲ್ಟಿನಿಂದಲೇ ಉರಿಯೋದರಿಂದ ಆ ಸುಳ್ಳು ಹೇಳಲ್ಲ. ಅಷ್ಟರ ಮಟ್ಟಿಗೆ ಮೊದಲನೇ ದಾರಿ ಮೇಲು.

ಬ್ರೇಕರನ್ನೇ ಸ್ವಿಚ್ ಮಾಡಿಕೊಂಡರಾಯ್ತಲ್ಲ ಅನ್ನುವವರಿಗೆ: ಆಗುತ್ತೆ, ಒಂದೆರಡು ಸಲ. ದಿನಾ ಹಾಕಿ ತೆಗೆಯೋದು ಎಲ್ಲ ಬ್ರೇಕರುಗಳಿಗೂ ಹೇಳಿದ ಕೆಲಸ ಅಲ್ಲ. ಅದೂ ಅಲ್ಲದೆ ಕೆಲವು ಗಾಡಿಗಳಲ್ಲಿ ಅದೇ ಬ್ರೇಕರಿನಲ್ಲಿ ಬೇರೆ ಸಾಮಾನೂ ಇರುತ್ತೆ.

ಕೆಲಸಕ್ಕೆ ಕೈ ಹಾಕುವ ಮುಂಚೆ ಕಂಬದ ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಜಾಗದಲ್ಲಿಡಿ. ಜನರೇಟರ್ ಆಫ್. ಇನ್ವರ್ಟರ್ ಇದ್ದರೆ ಅದೂ ಆಫ್, ಯಾಕಂದ್ರೆ ಪ್ಲಗ್ ಕಿತ್ತರೂ ಬ್ಯಾಟರಿಯಿಂದ 120 ವೋಲ್ಟ್ ಮಾಡಿ ಕೊಡೋದೇ ಅದರ ಕೆಲಸ. ಆಮೇಲೆ ಮೀಟರಿನಲ್ಲಿ ನೋಡಿ. ಮೀಟರ್ ಕೆಲಸ ಮಾಡುತ್ತಿದೆಯಾ ಅಂತ ಮೊದಲು ಕರೆಂಟಿರುವ ಬೇರೊಂದು ಕಡೆ ನೋಡಿಕೊಂಡಿರಿ. ಮೀಟರ್ ಹಿಡಿದು ಅಭ್ಯಾಸ ಇಲ್ಲದಿದ್ದರೆ ಆರ್‌ವಿ ಟೆಕ್ನಿಷಿಯನ್‌ಗೆ ಕೊಡಿ. ಮೂವರು ಹಂಚಿಕೊಂಡರೆ ಅದು ದೊಡ್ಡ ಖರ್ಚಲ್ಲ.

ಹೇಗೂ ಕರೆಂಟು ತೆಗೆದು ಬಾಕ್ಸ್ ತೆರೆದಿರುವಾಗ ಎಲಿಮೆಂಟಿನ ಆರೋಗ್ಯವನ್ನೂ ನೋಡಿಬಿಡಿ. ಅದರ ಎರಡೂ ವೈರು ಬಿಡಿಸಿ, ಎರಡು ತುದಿಗಳ ಮಧ್ಯೆ ಓಮ್ ಅಳೆದರೆ ಸುಮಾರು 10 ಬರಬೇಕು. 120 ವೋಲ್ಟಿಗೆ 12 ಆಂಪ್, ಲೆಕ್ಕ ಸರಿಹೋಯಿತು. ಏನೂ ತೋರಿಸದಿದ್ದರೆ ಎಲಿಮೆಂಟು ಸುಟ್ಟಿದೆ. ಒಂದು ತುದಿಯಿಂದ ಟ್ಯಾಂಕಿನ ಲೋಹಕ್ಕೆ ಅಳೆದಾಗ ಏನಾದರೂ ತೋರಿಸಿದರೆ ಒಳಗೆ ಕರೆಂಟು ಸೋರುತ್ತಿದೆ, ಬದಲಾಯಿಸುವ ತನಕ ಹಾಕಬೇಡಿ.

ಎಲ್ಲ ಮುಚ್ಚಿ, ಟ್ಯಾಂಕು ತುಂಬಿಸಿ, ಹೊರಗಿನ ಕಪ್ಪು ಗುಂಡಿಯನ್ನು ಆನ್ ಮಾಡಿ ಬಿಡಿ. ಅದನ್ನು ಕಿತ್ತುಹಾಕಬೇಡಿ, ಚಳಿಗಾಲಕ್ಕೆ ನೀರು ಬಸಿಯುವ ದಿನ ಎರಡನೇ ಬೀಗದ ಹಾಗೆ ಅದನ್ನೂ ಆಫ್ ಮಾಡಬಹುದು. ಒಳಗೆ ಬಂದು ಹೊಸ ಸ್ವಿಚ್ ಹಾಕಿ. ಅರ್ಧ ಗಂಟೆ ಬಿಟ್ಟು ಸ್ವಿಚ್ಚಿನ ಮುಖಕ್ಕೂ ಪ್ರತಿ ಬಾಕ್ಸಿನ ಮುಚ್ಚಳಕ್ಕೂ ಅಂಗೈ ಹಿಂಭಾಗ ತಾಗಿಸಿ ನೋಡಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಹಿಂದೆಗೆಯುವಷ್ಟು ಬಿಸಿಯಿದ್ದರೆ ಎಲ್ಲೋ ಜೋಡಣೆ ಸಡಿಲ ಇದೆ, ಪ್ಲಗ್ ಕಿತ್ತು ಮತ್ತೆ ಬಿಚ್ಚಿ ಸ್ಕ್ರೂ ಬಿಗಿ ಮಾಡಿ. ಮೊದಲ ಉದ್ದದ ಪ್ರಯಾಣ ಮುಗಿಸಿ ಬಂದಮೇಲೆ ಇದೇ ಪರೀಕ್ಷೆ ಇನ್ನೊಂದು ಸಲ.