ಕೈ ಉರಿಸುವ ಕಡಲ ಹುಳ

ಕಂಬಳಿಹುಳ ನಮಗೆಲ್ಲ ಗೊತ್ತು. ನುಗ್ಗೆ ಮರಕ್ಕೆ ಗುಂಪು ಗುಂಪಾಗಿ ಹತ್ತುತ್ತದೆ. ಮೈಗೆ ತಾಗಿದರೆ ಸಾಕು, ತುರಿಕೆ, ದದ್ದು. ಸಮುದ್ರದ ದಡದಲ್ಲೂ ಇಂಥದೊಂದು ಹುಳ ಇದೆ. ಮುಟ್ಟಿದರೆ ಬೆಂಕಿ ತಾಗಿದ ಹಾಗೆ ಉರಿಯುತ್ತದೆ. ಅದಕ್ಕೇ ಇದನ್ನು ಬೆಂಕಿಹುಳ ಅಂತಾರೆ. ವಿಜ್ಞಾನಿಗಳು ಇಟ್ಟ ಹೆಸರು ಯೂರಿತೋಯಿ ಕಾಂಪ್ಲನಾಟ. ಆ ಹೆಸರು ಬಾಯಿಗೆ ಬಾರದಿದ್ದರೂ ಚಿಂತೆಯಿಲ್ಲ ಅಕ್ಕಂದಿರೇ, ಹುಳದ ಗುರುತು ಸಿಕ್ಕರೆ ಸಾಕು.

ಕಡಲಿನ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಇಳಿದಾಗ ದಡದ ಬಂಡೆಗಳು ಕಾಣುತ್ತವೆ. ಆಗ ಹೆಂಗಸರು ಪಚ್ಚಿಲೆ, ಚಿಪ್ಪು ಆರಿಸಲು ಹೋಗುತ್ತಾರೆ. ಬರಿಗೈಯಲ್ಲೇ ಕಲ್ಲು ಮಗುಚುತ್ತಾರೆ. ಸಂದಿಗೆ ಬೆರಳು ಹಾಕುತ್ತಾರೆ. ಈ ಹುಳ ಇರುವುದೂ ಅಲ್ಲೇ. ಹಗಲೆಲ್ಲ ಕಲ್ಲಿನ ಅಡಿ ತಂಪಿನಲ್ಲಿ ಅಡಗಿರುತ್ತದೆ. ರಾತ್ರಿ ಹೊರಗೆ ಬರುತ್ತದೆ. ನಮ್ಮ ದೇಶದ ಕರಾವಳಿಯಲ್ಲೂ ಇದೆ. ಬೇರೆ ಬೆಚ್ಚಗಿನ ಸಮುದ್ರಗಳಲ್ಲೂ ಇದರ ಬಳಗ ಇದೆ.

ನೋಡಲು ಹೇಗಿರುತ್ತದೆ? ಒಂದು ಗೇಣಿಗಿಂತ ಗಿಡ್ಡ. ಮೈ ಚಪ್ಪಟೆ. ಬಣ್ಣ ಕಿತ್ತಳೆ, ಇಲ್ಲವೆ ಗುಲಾಬಿ ಬೆರೆತ ಕಂದು. ಎರಡೂ ಪಕ್ಕದಲ್ಲಿ ಸಾಲಾಗಿ ಬಿಳಿ ರೋಮದ ಗೊಂಚಲು. ಹತ್ತಿಯ ಹಾಗೆ ಮೆತ್ತಗೆ ಕಾಣುತ್ತದೆ. ಮಕ್ಕಳು ಚಂದ ಅಂತ ಕೈ ಹಾಕುವುದು ಇದಕ್ಕೇ.

ಆದರೆ ಅದು ಹತ್ತಿಯಲ್ಲ. ಒಂದೊಂದು ರೋಮವೂ ಸಣ್ಣ ಗಾಜಿನ ಮುಳ್ಳಿದ್ದ ಹಾಗೆ. ಚಿಪ್ಪು ಸುಟ್ಟು ಸುಣ್ಣ ಮಾಡುತ್ತಾರಲ್ಲ, ಆ ಚಿಪ್ಪಿನಲ್ಲಿರುವ ವಸ್ತುವೇ ಈ ರೋಮದಲ್ಲೂ ಇದೆ. ಹಾಗಾಗಿ ಪಟಕ್ಕನೆ ಮುರಿಯುತ್ತದೆ. ಹುಳ ಕಚ್ಚುವುದಿಲ್ಲ. ಹೆದರಿದಾಗ ರೋಮ ನಿಮಿರಿಸುತ್ತದೆ, ಅಷ್ಟೇ. ಮುಟ್ಟಿದವರ ಚರ್ಮಕ್ಕೆ ಅದು ಚುಚ್ಚಿ ಒಳಗೇ ಮುರಿದುಕೊಳ್ಳುತ್ತದೆ. ಆಮೇಲೆ ಉರಿ, ತುರಿಕೆ, ಊತ. ಒಮ್ಮೊಮ್ಮೆ ಬೆರಳು ಜೋಮು ಹಿಡಿಯುತ್ತದೆ. ಊತ ತರುವ ಒಂದು ವಸ್ತು ಈ ಹುಳದಲ್ಲಿ ಇದೆ ಎಂದು ಜಪಾನಿನ ವಿಜ್ಞಾನಿಗಳು 2008ರಲ್ಲಿ ತಿಳಿಸಿದರು.

ತಾಗಿದರೆ ಏನು ಮಾಡಬೇಕು? ಉಜ್ಜಬೇಡಿ. ಉಜ್ಜಿದಷ್ಟೂ ರೋಮ ಒಳಕ್ಕೆ ಹೋಗುತ್ತದೆ. ಅಂಟುವ ಟೇಪನ್ನು ಆ ಜಾಗಕ್ಕೆ ಒತ್ತಿ, ಮೆಲ್ಲಗೆ ಎಳೆಯಿರಿ. ರೋಮ ಟೇಪಿಗೆ ಅಂಟಿ ಬರುತ್ತದೆ. ಉಳಿದದ್ದನ್ನು ಚಿಮುಟದಿಂದ ತೆಗೆಯಿರಿ. ಊತ ಏರುತ್ತಾ ಹೋದರೆ, ಕೀವಾದರೆ, ಕಣ್ಣಿಗೆ ತಾಗಿದರೆ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದ ಹಾಗಾದರೆ ಒಂದು ಗಳಿಗೆಯೂ ತಡ ಮಾಡಬೇಡಿ. ಇದಕ್ಕಿಂತ ಸುಲಭ ಅಂದರೆ, ಕಲ್ಲು ಮಗುಚಲು ಒಂದು ಕೋಲು, ಕೈಗೆ ದಪ್ಪ ಗವಸು.

ಈ ಹುಳ ನಮ್ಮ ಎರೆಹುಳದ ದೂರದ ನೆಂಟ. ನಂಬಿಕೆ ಬಾರದೇ? ಎರೆಹುಳದ ಹೊಟ್ಟೆಯ ಮೇಲೆ ಬಾಲದಿಂದ ತಲೆ ಕಡೆಗೆ ಬೆರಳಾಡಿಸಿ. ತರಿತರಿ ಅನ್ನುತ್ತದೆ. ಅದಕ್ಕೂ ಪುಟ್ಟ ರೋಮ ಇದೆ, ಆದರೆ ಉರಿಸುವುದಿಲ್ಲ. ಎರೆಹುಳ ಹೊಲಕ್ಕೆ ಉಪಕಾರಿ. ಇದೂ ದಡಕ್ಕೆ ಉಪಕಾರಿಯೇ. ಸತ್ತ ಮೀನು, ಏಡಿ ತಿಂದು ಚೊಕ್ಕಟ ಮಾಡುತ್ತದೆ. ಹಾಗಾಗಿ ಮಗುಚಿದ ಕಲ್ಲನ್ನು ಮೊದಲಿನ ಹಾಗೇ ಇಟ್ಟು ಬನ್ನಿ.

ಕೈ ಉರಿಸಿತು ಅಂತ ಸಿಟ್ಟಿನಿಂದ ಕತ್ತರಿಸಿದರೂ ಪ್ರಯೋಜನವಿಲ್ಲ. ತಲೆಯ ತುಂಡಿಗೆ ಹೊಸ ಬಾಲ ಬೆಳೆಯುತ್ತದೆ. ಬಾಲದ ತುಂಡಿಗೆ ಹೊಸ ತಲೆ ಬರುತ್ತದೆ. ಒಂದಿದ್ದದ್ದು ಎರಡು ಹುಳ!