ಮಾರುವ ಹೋತ ಯಾವುದು, ಉಳಿಸುವ ಹೋತ ಯಾವುದು?

ದಲ್ಲಾಳಿ ನಿಮ್ಮ ಹಟ್ಟಿಗೆ ಬಂದಾಗ ಅವನ ಕೈ ಮೊದಲು ಯಾವ ಮರಿಯ ಬೆನ್ನ ಮೇಲೆ ಬೀಳುತ್ತದೆ ಎಂಬುದನ್ನು ಗಮನಿಸಿದ್ದೀರಾ? ಸೊಂಟದ ಮೇಲೆ ಬೆರಳೂರಿ ನೋಡುತ್ತಾನೆ, ಎತ್ತಿ ತೂಗಿ ನೋಡುತ್ತಾನೆ, ಹಲ್ಲು ನೋಡುತ್ತಾನೆ. ಅವನು ಹಿಡಿಯುವುದು ಇದ್ದ ಹೋತಮರಿಗಳಲ್ಲೆಲ್ಲ ಮುಂದಾಗಿ ಬೆಳೆದದ್ದನ್ನೇ. ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಡುತ್ತಾನೆ. ನೀವೂ ಸಂತೋಷದಿಂದ ಹಗ್ಗ ಬಿಚ್ಚಿ ಕೊಡುತ್ತೀರಿ. ಹಟ್ಟಿಯಲ್ಲಿ ಉಳಿಯುವುದು ಯಾರೂ ಕೇಳದ ಬಡಕಲು ಹೋತ. ಮುಂದಿನ ಬೆದೆಗೆ ನಿಮ್ಮ ಮೇಕೆಗಳೆಲ್ಲ ಗಬ್ಬ ಕಟ್ಟುವುದು ಅದರಿಂದಲೇ.

ಹೊಲದಲ್ಲಿ ನೀವು ಹೀಗೆ ಮಾಡುವುದಿಲ್ಲ. ರಾಗಿ ಕೊಯ್ಲಿನಲ್ಲಿ ತುಂಬಿದ ತೆನೆಗಳನ್ನು ಆರಿಸಿ ಬಿತ್ತನೆಗೆ ಎತ್ತಿಡುತ್ತೀರಿ. ಜೊಳ್ಳನ್ನು ಬೀಜಕ್ಕಿಟ್ಟು ಗಟ್ಟಿಕಾಳನ್ನು ಮಾರುವ ರೈತ ಯಾವ ಊರಿನಲ್ಲೂ ಇಲ್ಲ. ಆದರೆ ಮೇಕೆ ಹಟ್ಟಿಯಲ್ಲಿ ಅದೇ ರೈತ ಪ್ರತಿ ವರ್ಷ ಗಟ್ಟಿಕಾಳನ್ನು ಮಾರಿ ಜೊಳ್ಳನ್ನು ಬಿತ್ತುತ್ತಿದ್ದಾನೆ. "ಮೊದಲಿನ ಹಾಗೆ ಮರಿಗಳು ಬೆಳೆಯುವುದಿಲ್ಲ, ಮೇವು ಸಾಲದು" ಎಂದು ದೂರುವವರು ಮೇವಿನ ಜೊತೆಗೆ ಈ ಲೆಕ್ಕವನ್ನೂ ನೋಡಬೇಕು.

ನಷ್ಟದ ಲೆಕ್ಕ

ಒಂದು ಒಳ್ಳೆಯ ಹೋತ 25ರಿಂದ 30 ಮೇಕೆಗಳಿಗೆ ಸಾಕು. ಉದಾಹರಣೆಗೆ, ಅಷ್ಟು ಮೇಕೆಗಳಿಂದ ವರ್ಷಕ್ಕೆ 30 ಮರಿಗಳು ಮಾರಾಟಕ್ಕೆ ಸಿಗುತ್ತವೆ ಎಂದಿಟ್ಟುಕೊಳ್ಳಿ. ಬಡಕಲು ಹೋತದಿಂದಾಗಿ ಪ್ರತಿ ಮರಿಯೂ ಮಾರುವ ಹೊತ್ತಿಗೆ 1 ಕಿಲೋ ಕಡಿಮೆ ತೂಗಿದರೆ ಒಟ್ಟು 30 ಕಿಲೋ ಕಡಿಮೆಯಾಯಿತು. ಅದು ಬೆಳೆದ ಒಂದು ಹೋತದ ತೂಕ. ಅಂದು ದಲ್ಲಾಳಿ ಹೆಚ್ಚಿಗೆ ಕೊಟ್ಟದ್ದು ಮೂರೋ ನಾಲ್ಕೋ ಕಿಲೋ ತೂಕದ ಬೆಲೆ. ನಿಮ್ಮ ಸಂತೆಯ ದರ ಹಾಕಿ ನೀವೇ ಗುಣಿಸಿ ನೋಡಿ.

ಹಾಗೆಂದು ಎಲ್ಲ ಹೋತಮರಿಗಳನ್ನೂ ಕಟ್ಟಿಕೊಂಡು ಕೂರಬೇಕೆಂದು ಅರ್ಥವಲ್ಲ. ಉಳಿಸಬೇಕಾದದ್ದು ಒಂದೋ ಎರಡೋ. ಮಿಕ್ಕವನ್ನು ಸಕಾಲದಲ್ಲಿ ಮಾರಲೇಬೇಕು. ಯಾವುದು, ಯಾವಾಗ ಎಂಬುದನ್ನು ಮೂರು ಹಂತದಲ್ಲಿ ತೀರ್ಮಾನಿಸಿ.

ಮೊದಲ ನೋಟ: ಮೂರು ತಿಂಗಳು

ಮರಿ ಹಾಲು ಬಿಡುವ ಕಾಲವಿದು. ಒಂದೇ ಹೊತ್ತಿನಲ್ಲಿ ಹುಟ್ಟಿದ ಹೋತಮರಿಗಳನ್ನು ಒಟ್ಟಿಗೆ ನಿಲ್ಲಿಸಿ ನೋಡಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂಟಿಯಾಗಿ ಹುಟ್ಟಿದ ಮರಿ ತಾಯಿಯ ಹಾಲನ್ನೆಲ್ಲ ಒಂದೇ ಕುಡಿದಿರುತ್ತದೆ. ಅವಳಿಯಲ್ಲಿ ಹುಟ್ಟಿದ್ದು ಅರ್ಧ ಹಾಲಿನಲ್ಲಿ ಬೆಳೆದಿರುತ್ತದೆ. ಆದ್ದರಿಂದ ಅವಳಿ ಮರಿ ಸ್ವಲ್ಪ ಚಿಕ್ಕದಾಗಿ ಕಂಡ ಮಾತ್ರಕ್ಕೆ ತಳ್ಳಿಹಾಕಬೇಡಿ. ಅದರ ನಿಜವಾದ ಬೆಳವಣಿಗೆ ಮುಂದಿನ ತಿಂಗಳುಗಳಲ್ಲಿ ಗೊತ್ತಾಗುತ್ತದೆ.

ತಾಯಿಯನ್ನೂ ನೋಡಬೇಕು. ಅವಳಿ ಈಯುವ, ಎರಡು ಮರಿಗೂ ಸಾಲುವಷ್ಟು ಹಾಲಿರುವ, ಮರಿಗಳನ್ನು ಸಾಯಗೊಡದೆ ಸಾಕಿದ ಮೇಕೆಯ ಮಗನೇ ಉತ್ತಮ. ಈ ವಿಷಯದಲ್ಲಿ ಯಜಮಾನನಿಗಿಂತ ದಿನವೂ ಮೇಕೆ ಮೇಯಿಸುವ ಹೆಣ್ಣುಮಕ್ಕಳಿಗೆ ಹೆಚ್ಚು ಗೊತ್ತಿರುತ್ತದೆ. ಅವರನ್ನು ಕೇಳದೆ ಮರಿ ಆರಿಸಬೇಡಿ.

ಮರಿಯ ಎರಡೂ ಬೀಜಗಳು ಚೀಲಕ್ಕೆ ಇಳಿದು ಸಮನಾಗಿರಬೇಕು. ಒಂದೇ ಇಳಿದಿದ್ದರೆ ಅದು ಎಷ್ಟೇ ದಪ್ಪಗಿರಲಿ, ಬಿತ್ತನೆಗೆ ಬೇಡ. ಮೇಲ್ದವಡೆ ಕೆಳದವಡೆ ಸರಿಯಾಗಿ ಕೂಡಬೇಕು. ಕಾಲುಗಳು ನೆಟ್ಟಗಿರಬೇಕು. ಹಟ್ಟಿಯಲ್ಲಿ ಕೊಂಬಿಲ್ಲದ ಮೇಕೆಗಳಿದ್ದರೆ ಕೊಂಬಿರುವ ಹೋತವನ್ನೇ ಇಟ್ಟುಕೊಳ್ಳಿ. ಹುಟ್ಟಿನಿಂದ ಕೊಂಬಿಲ್ಲದ ಎರಡನ್ನು ಕೂಡಿಸಿದರೆ ಹೆಣ್ಣೂ ಅಲ್ಲದ ಗಂಡೂ ಅಲ್ಲದ ಬಂಜೆ ಮರಿಗಳು ಹುಟ್ಟುವ ಸಂಭವವುಂಟು.

ಇಪ್ಪತ್ತೈದು ಮೇಕೆಗಳ ಹಟ್ಟಿಯಲ್ಲಿ ಹೀಗೆ ಮೂರು ನಾಲ್ಕು ಮರಿಗಳನ್ನು ಗುರುತಿಸಿ. ಬಿತ್ತನೆಗೆ ಬೇಡವೆನಿಸಿದ ಮರಿಗಳಿಗೆ ಪಶು ಆಸ್ಪತ್ರೆಯಲ್ಲಿ ಬರ್ಡಿಜೊ ಇಕ್ಕಳದಿಂದ ಬೀಜ ಒಡೆಸಬಹುದು. ಹಾಗೆ ಮಾಡಿದರೆ ಅವು ಬೆದೆಯ ಹಿಂದೆ ಓಡದೆ ಮೈ ಹಿಡಿಯುತ್ತವೆ. ಮಾಂಸಕ್ಕೆ ಹೋತದ ವಾಸನೆಯೂ ಬರುವುದಿಲ್ಲ. ಬೀಜ ಒಡೆಸದ ಮರಿಗಳನ್ನು ನಾಲ್ಕನೆಯ ತಿಂಗಳಿನಿಂದ ಹೆಣ್ಣುಮರಿಗಳಿಂದ ಬೇರೆ ಕಟ್ಟಬೇಕು. ನಾಲ್ಕೈದು ತಿಂಗಳಿಗೇ ಗಬ್ಬ ಕಟ್ಟಿಸುವ ಶಕ್ತಿ ಕೆಲವಕ್ಕೆ ಬಂದುಬಿಡುತ್ತದೆ.

ಎರಡನೆಯ ನೋಟ: ಆರು ತಿಂಗಳಿಂದ ಒಂಬತ್ತು ತಿಂಗಳು

ಇಲ್ಲಿಂದ ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ. ತಕ್ಕಡಿ ಇಲ್ಲದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆಯಿರಿ. ಹೆಗಲಿನ ಮುಂಭಾಗದಿಂದ ಬಾಲದ ಪಕ್ಕದ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಸುಮಾರು ತೂಕ ಕಿಲೋದಲ್ಲಿ ಬರುತ್ತದೆ. ಸುತ್ತಳತೆ 26 ಇಂಚು, ಉದ್ದ 24 ಇಂಚು ಇದ್ದರೆ ತೂಕ ಸುಮಾರು ಇಪ್ಪತ್ತನಾಲ್ಕೂವರೆ ಕಿಲೋ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ನಡೆಯುವ ವ್ಯಾಪಾರದಲ್ಲಿ ದಲ್ಲಾಳಿಗೆ ಗೊತ್ತಿರುವ ತೂಕ ನಿಮಗೂ ಗೊತ್ತಿರಲಿ.

ಮಾರುವ ಮರಿಗಳ ವಿಷಯದಲ್ಲಿ ಈ ಲೆಕ್ಕದಿಂದಲೇ ಕಾಲ ತಿಳಿಯುತ್ತದೆ. ಮೇಕೆ ದಿನಕ್ಕೆ ತನ್ನ ತೂಕದ ಶೇಕಡ 3ರಿಂದ 4ರಷ್ಟು ಒಣ ಪ್ರಮಾಣದ ಮೇವು ತಿನ್ನುತ್ತದೆ. ತೂಕ ಏರಿದಂತೆ ಮೇವು ಏರುತ್ತದೆ. ಆದರೆ ತಿಂಗಳ ಬೆಳವಣಿಗೆ ಒಂದು ಹಂತದ ನಂತರ ಇಳಿಯುತ್ತದೆ. ಎರಡು ತಿಂಗಳು ಸತತವಾಗಿ ಬೆಳವಣಿಗೆ ಇಳಿದರೆ, ಮೇವು ಸರಿಯಾಗಿದೆ, ಜಂತುನಾಶಕ ಕುಡಿಸಿದ್ದಾಗಿದೆ ಎಂದಾದರೆ, ಆ ಮರಿಯನ್ನು ಇನ್ನು ಇಟ್ಟುಕೊಂಡು ಫಲವಿಲ್ಲ. ಕೊಂಡು ಹಾಕುವ ಮೇವಿನವರಿಗೆ ಇದು ಮುಖ್ಯ. ಹೊಲದ ಬದುವಿನ ಸೊಪ್ಪು, ಕಡಲೆಕಾಯಿ ಬಳ್ಳಿ, ಹುರುಳಿ ಹೊಟ್ಟು ಇರುವವರು ಒಂದೆರಡು ತಿಂಗಳು ಹೆಚ್ಚು ತಡೆಯಬಹುದು.

ಹಬ್ಬದ ಲೆಕ್ಕವನ್ನೂ ಇಟ್ಟುಕೊಳ್ಳಿ. ಹಳೆ ಮೈಸೂರಿನ ಕಡೆ ಯುಗಾದಿಯ ಮರುದಿನದ ಹೊಸತೊಡಕು, ಮಾರ್ನಮಿಯ ಪಕ್ಷ, ಊರ ಜಾತ್ರೆಗಳಿಗೆ ಮರಿ ಕೇಳುವವರು ಹೆಚ್ಚು. ಶ್ರಾವಣದಲ್ಲಿ ಕಡಿಮೆ. ಬಕ್ರೀದಿಗೆ ವರ್ಷ ತುಂಬಿದ ಹೋತವೇ ಆಗಬೇಕು. ಕುರುಡು, ಕುಂಟು, ಕಿವಿ ಬಹುಪಾಲು ಕತ್ತರಿಸಿ ಹೋದದ್ದು ನಡೆಯುವುದಿಲ್ಲ. ಆದ್ದರಿಂದ ಗುರುತಿಗೆಂದು ಅವುಗಳ ಕಿವಿ ಕೊಯ್ಯಬೇಡಿ. ಬಕ್ರೀದ್ 2024ರಲ್ಲಿ ಜೂನ್ 17ಕ್ಕೆ ಬಂದಿತ್ತು, 2025ರಲ್ಲಿ ಜೂನ್ 7ಕ್ಕೆ. ಹೀಗೆ ವರ್ಷಕ್ಕೆ ಸುಮಾರು ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಮೇಕೆಯ ಗಬ್ಬದ ಕಾಲ ಐದು ತಿಂಗಳು, ಮರಿಗೆ ಒಂದು ವರ್ಷ. ಅಂದರೆ ಆ ಹಬ್ಬಕ್ಕೆ 17 ತಿಂಗಳ ಮುಂಚೆಯೇ ಮೇಕೆ ಗಬ್ಬ ಕಟ್ಟಿರಬೇಕು.

ಮೂರನೆಯ ನೋಟ: ವರ್ಷ ತುಂಬಿದ ಮೇಲೆ

ಉಳಿಸಿದ ಮೂರು ನಾಲ್ಕು ಮರಿಗಳಲ್ಲಿ ಈಗ ಅಂತಿಮವಾಗಿ ಒಂದನ್ನು ಆರಿಸಿ. ಕೆಳದವಡೆಯ ಮುಂದಿನ ಎರಡು ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬಂದಿದ್ದರೆ ವರ್ಷ ದಾಟಿ ಒಂದೂಕಾಲು ವರ್ಷದ ಆಸುಪಾಸು. ನಾಲ್ಕು ಹಲ್ಲಾದರೆ ಸುಮಾರು ಎರಡು ವರ್ಷ, ಆರಾದರೆ ಮೂರು, ಎಂಟಾದರೆ ನಾಲ್ಕು. ಎರಡು ಹಲ್ಲು ಬರುವ ಮುನ್ನ ಹೋತವನ್ನು ಮಂದೆಗೆ ಬಿಡಬೇಡಿ. ಎಳೆಯ ಹೋತ ಬೆದೆಯ ಕಾಲದಲ್ಲಿ ಮೇವು ಬಿಟ್ಟು ಓಡಿ ಸೊರಗುತ್ತದೆ, ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಮೊದಲ ವರ್ಷ ಕಡಿಮೆ ಮೇಕೆಗಳಿಗೆ ಬಿಟ್ಟು, ಎರಡು ವರ್ಷ ತುಂಬಿದ ಮೇಲೆ ಪೂರ್ತಿ ಮಂದೆಗೆ ಬಿಡಿ. ಬೆದೆಯ ಕಾಲದಲ್ಲಿ ಒಂದಿಷ್ಟು ಮುಸುಕಿನ ಜೋಳದ ನುಚ್ಚು, ಹಿಂಡಿ ಕೊಡಿ.

ಇಷ್ಟು ದಿನ ಇಟ್ಟುಕೊಳ್ಳುವ ಹೋತಕ್ಕೆ ರೋಗದ ಭಯವೂ ಇದೆ. ನಾಲ್ಕು ತಿಂಗಳು ತುಂಬುತ್ತಲೇ ಪಿ.ಪಿ.ಆರ್. ಲಸಿಕೆ, ಪ್ರತಿ ವರ್ಷ ಮುಂಗಾರಿಗೆ ಮುಂಚೆ ಕರುಳುಬೇನೆ ಲಸಿಕೆ ಹಾಕಿಸಿ.

ಒಳ್ಳೆಯ ಹೋತವಾದರೂ ಒಂದೇ ಮಂದೆಯಲ್ಲಿ ಬಹುಕಾಲ ಇರಬಾರದು. ಕೆಲಸಕ್ಕೆ ಬಿಟ್ಟು ಐದು ತಿಂಗಳಿಗೆ ಅದರ ಹೆಣ್ಣುಮರಿಗಳು ಹುಟ್ಟುತ್ತವೆ. ಮತ್ತೆ ಏಳೆಂಟು ತಿಂಗಳಿಗೆ ಅವು ಬೆದೆಗೆ ಬರುತ್ತವೆ. ತಂದೆಯೇ ಮಗಳಿಗೆ ಬಿದ್ದರೆ ಸಣಕಲು ಮರಿ, ಸತ್ತ ಮರಿ ಹೆಚ್ಚಾಗುತ್ತವೆ. ದೇವರಿಗೆ ಬಿಟ್ಟ ಹೋತ ಎಲ್ಲರ ಮನೆಯಲ್ಲೂ ಮೇದು ಎಷ್ಟೇ ಚೆನ್ನಾಗಿದ್ದರೂ ವರ್ಷಗಟ್ಟಲೆ ಒಂದೇ ಊರಿನಲ್ಲಿ ತಿರುಗುವುದರಿಂದ ಈ ತೊಂದರೆ ಬರುತ್ತದೆ. ಆದ್ದರಿಂದ ವರ್ಷ, ಒಂದೂವರೆ ವರ್ಷಕ್ಕೆ ದೂರದ ಊರಿನವರ ಹೋತದೊಡನೆ ಅದಲುಬದಲು ಮಾಡಿಕೊಳ್ಳಿ. ನಂದಿದುರ್ಗ, ಬೀದರಿ, ಉಸ್ಮಾನಾಬಾದಿ ತಳಿಯವರು ಅದೇ ತಳಿಯ ಹೋತವನ್ನೇ ತನ್ನಿ.

ನಾಲ್ಕೈದು ಮೇಕೆ ಇರುವವರು

"ನಮಗಿರುವುದೇ ನಾಲ್ಕು ಮೇಕೆ, ಹೋತ ಕಟ್ಟಿ ಮೇಯಿಸಲು ಶಕ್ತಿಯಿಲ್ಲ" ಎನ್ನುವುದು ನಿಜ. ಅಂಥ ಐದಾರು ಮನೆಯವರು ಸೇರಿ ಒಂದು ಹೋತ ಉಳಿಸಿಕೊಳ್ಳಬಹುದು. ಮರಿಯ ಮಾಲೀಕನಿಗೆ ಸಂತೆಯ ಬೆಲೆಯನ್ನು ಎಲ್ಲರೂ ಹಂಚಿ ಕೊಡಿ, ಮೇವನ್ನೂ ಹಂಚಿಕೊಳ್ಳಿ. ಕೆಲಸ ಮುಗಿದ ಮೇಲೆ ಮಾರಿದ ಹಣವನ್ನೂ ಹಾಗೆಯೇ ಹಂಚಿಕೊಳ್ಳಿ.

ಬಿತ್ತನೆಯ ಖರ್ಚು, ಮಕ್ಕಳ ಶಾಲೆಯ ಖರ್ಚು ಬರುವುದು ಜೂನ್ ತಿಂಗಳಿನಲ್ಲಿ. ಒಳ್ಳೆಯ ಹೋತ ಕೈಬಿಡುವುದೂ ಸಾಮಾನ್ಯವಾಗಿ ಆಗಲೇ. ಹಣ ಬೇಕೇ ಬೇಕೆಂದರೆ ಎರಡನೆಯ ಮರಿಯನ್ನು ಮಾರಿ, ಸಾಲದಿದ್ದರೆ ಹಲ್ಲು ಸವೆದ ಮುದಿ ಮೇಕೆಯನ್ನು ಮಾರಿ. ಉಳಿಸಬೇಕೆಂದು ಆರಿಸಿದ ಮರಿಯ ಕೊರಳಿಗೆ ಇಂದೇ ಒಂದು ಬಣ್ಣದ ದಾರ ಕಟ್ಟಿ. ಆ ದಾರ ಇರುವ ಮರಿಗೆ ಯಾರು ಬಂದರೂ ಬೆಲೆ ಹೇಳಬಾರದು ಎಂದು ಮನೆಯವರಿಗೆಲ್ಲ ತಿಳಿಸಿಡಿ.