ಮುಖ ಆಮೇಲೆ ಬರೀರಿ, ಮೊದಲು ಬೆನ್ನು ಬರೀರಿ: ಚಿತ್ರದಲ್ಲಿ ಕಥೆ ಹೇಳೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಮನೆಯಲ್ಲಿ ಯಾರಾದರೂ ಹೊರಗಿನಿಂದ ಬಂದಾಗ, ಅವರು ಬಾಯಿ ಬಿಡೋಕೆ ಮೊದಲೇ ಏನಾಗಿದೆ ಅಂತ ನಿಮಗೆ ಗೊತ್ತಾಗುತ್ತಾ? ನನಗೆ ಗೊತ್ತಾಗುತ್ತೆ. ನಮ್ಮೂರು ಬಾಣಾವರ, ಅರಸೀಕೆರೆ ತಾಲ್ಲೂಕು. ತೆಂಗಿನ ಸೀಮೆ. ಇಲ್ಲಿ ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಅದು ಉಂಡೆ ಕೊಬ್ಬರಿ ಆಗೋಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಒಳಗಿನ ನೀರು ಆರಬೇಕು, ಅಲ್ಲಾಡಿಸಿದರೆ ಗುಂಡು ಚಿಪ್ಪಿಗೆ ಬಡಿದು ಲೊಟಲೊಟ ಅನ್ನಬೇಕು. ಅಷ್ಟು ಕಾದಮೇಲೆ ಮಾರುಕಟ್ಟೆಯಲ್ಲಿ ಬೆಲೆ ತೀರ್ಮಾನ ಆಗೋದು ಒಂದೇ ದಿನ. ಆ ದಿನ ಅಪ್ಪ ಮನೆಗೆ ಬಂದಾಗ ರೇಟು ಎಷ್ಟು ಅಂತ ನಾವು ಯಾರೂ ಕೇಳಲ್ಲ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಇಡೋ ರೀತಿಯಲ್ಲೇ ಗೊತ್ತಾಗಿಬಿಡುತ್ತೆ.

ಹೋದ ವರ್ಷ ನಾನು ಇದನ್ನೇ ಚಿತ್ರಕಥೆ ಮಾಡೋಕೆ ಹೊರಟೆ. ಎರಡು ರಾತ್ರಿ ಕೂತು ಅಪ್ಪನ ಮುಖ ಬರೆದೆ. ಹುಬ್ಬು ಗಂಟು, ಕಣ್ಣಲ್ಲಿ ನೀರು, ತುಟಿ ಕೆಳಗೆ. ಶೇಡಿಂಗ್ ಅಂತೂ ಬಹಳ ಚೆನ್ನಾಗಿ ಬಂದಿತ್ತು. ಅಮ್ಮನಿಗೆ ತೋರಿಸಿದೆ. ಅವರು ನೋಡಿ ಒಂದೇ ಮಾತು ಹೇಳಿದ್ದು: “ನಿಮ್ಮಪ್ಪ ಯಾವತ್ತು ಹಿಂಗೆ ಅತ್ತವ್ರೆ?”

ನಿಜ. ಅಪ್ಪ ಅಳಲ್ಲ. ಅವರು ಮುಖದಲ್ಲಿ ಏನೂ ತೋರಿಸಲ್ಲ. ನಾನು ಬರೆದಿದ್ದು ಅಪ್ಪನನ್ನಲ್ಲ, ಎಮೋಜಿಯನ್ನ. ಮುಖ ಮುಚ್ಚಿಡೋದನ್ನ ಮೈ ಹೇಳಿಬಿಡುತ್ತೆ. ಈ ಪಾಠ ನನಗೆ ಸಿಕ್ಕಿದ್ದು ನಮ್ಮೂರಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ. ಇವತ್ತಿನ ಸಂಚಿಕೆ ಅದರ ಬಗ್ಗೆ.

ಮೂಗಿಲ್ಲದ ವೀರರು

ಹಳೇಬೀಡಿಗೂ ಬಾಣಾವರಕ್ಕೂ ಹಳೇ ನಂಟು. ಬ್ರಿಟಿಷರ ಕಾಲದ ಗೆಜೆಟಿಯರ್‌ನಲ್ಲಿ ಹಳೇಬೀಡು ಎಲ್ಲಿದೆ ಅಂತ ಹೇಳೋಕೆ ಬಾಣಾವರ ರೈಲು ನಿಲ್ದಾಣದಿಂದ ನೈರುತ್ಯಕ್ಕೆ 18 ಮೈಲಿ ಅಂತಲೇ ಗುರುತು ಕೊಟ್ಟಿದ್ದಾರೆ. ಚಿಕ್ಕಂದಿನಿಂದ ನೆಂಟರು ಬಂದಾಗೆಲ್ಲ ಅವರ ಜೊತೆ ಹೋಗಿ ಬಂದಿದ್ದೆ. ಸ್ಕೆಚ್ ಪುಸ್ತಕ ಹಿಡ್ಕೊಂಡು ಒಬ್ಬನೇ ಹೋಗಿದ್ದು ಅದೇ ಮೊದಲು.

ಹೊಯ್ಸಳೇಶ್ವರ ದೇವಸ್ಥಾನದ ಕೆಲಸ ಶುರುವಾಗಿದ್ದು 1121ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ. 2023ರಲ್ಲಿ ಬೇಲೂರು, ಸೋಮನಾಥಪುರದ ಜೊತೆ ಇದೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗೋಡೆಯ ತಳದಲ್ಲಿ ಒಂದರ ಮೇಲೊಂದು ಪಟ್ಟಿಕೆಗಳಿವೆ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ. ಅದರ ಮೇಲೆ ಕಥೆಯ ಪಟ್ಟಿಕೆ. ರಾಮಾಯಣ, ಮಹಾಭಾರತ, ಭಾಗವತ ಎಲ್ಲ ಅಲ್ಲಿದೆ. ಅದರ ಮೇಲೆ ಮಕರ, ಹಂಸ.

ಆ ಕಥೆಯ ಪಟ್ಟಿಕೆಯ ಎತ್ತರ ಒಂದು ಮೊಳಕ್ಕೂ ಕಡಿಮೆ. ಅದರೊಳಗಿನ ಮುಖ ಎಷ್ಟು ದೊಡ್ಡದಿರಬಹುದು, ನೀವೇ ಲೆಕ್ಕ ಹಾಕಿ. ಅದರಲ್ಲೂ ಎಷ್ಟೋ ಮುಖಗಳು ಸವೆದಿವೆ, ಮೂಗು ಹೋಗಿದೆ, ಕೆಲವಕ್ಕೆ ತಲೆಯೇ ಇಲ್ಲ. ಆದರೂ ಯಾರು ಹೊಡೀತಿದ್ದಾರೆ, ಯಾರು ಬೀಳ್ತಿದ್ದಾರೆ, ಯಾರು ಕೈಮುಗೀತಿದ್ದಾರೆ ಅಂತ ತಕ್ಷಣ ಗೊತ್ತಾಗುತ್ತೆ. ಒಂಬೈನೂರು ವರ್ಷ ಆದಮೇಲೂ, ಮುಖವೇ ಇಲ್ಲದೆ ಕಥೆ ಓಡ್ತಾ ಇದೆ.

ಈಗ ನಿಮ್ಮ ಫೋನ್ ನೋಡಿ. ನೀವು ಬರೆದ ಕಾಮಿಕ್ ಅದರ ಸ್ಕ್ರೀನ್ ಮೇಲೆ ಬಂದಾಗ ಪಾತ್ರದ ಮುಖ ಅವರೆಕಾಳಿನಷ್ಟು. ಅಂದಮೇಲೆ ಆ ಶಿಲ್ಪಿಗಳಿಗಿದ್ದ ಸಮಸ್ಯೆ, ನಮಗಿರೋ ಸಮಸ್ಯೆ ಒಂದೇ.

ಒಂದು: ಮೊದಲು ಒಂದೇ ಗೆರೆ

ಯಾವುದೇ ಪಾತ್ರ ಬರೆಯೋಕೆ ಮೊದಲು ತಲೆಯಿಂದ ಪಾದದವರೆಗೆ ಒಂದೇ ಗೆರೆ ಎಳೀರಿ. ಆ ಮೈ ಯಾವ ಕಡೆ ಬಾಗಿದೆ, ಯಾವ ಕಡೆ ಹೊರಟಿದೆ ಅನ್ನೋದನ್ನ ಆ ಗೆರೆ ಹೇಳಬೇಕು. ಆನಿಮೇಷನ್‌ನೋರು ಇದನ್ನ ಲೈನ್ ಆಫ್ ಆ್ಯಕ್ಷನ್ ಅಂತಾರೆ. ಬಿಲ್ಲು ಎಳೆಯೋನ ಗೆರೆ ಬಿಲ್ಲಿನ ಹಾಗೇ ಹಿಂದಕ್ಕೆ ಬಾಗಿರುತ್ತೆ. ಭಾರ ಹೊತ್ತೋನದು ಮುಂದಕ್ಕೆ. ಸುಮ್ಮನೆ ನಿಂತೋರದೂ ನೇರ ಇರಲ್ಲ, ಒಂದು ಕಾಲ ಮೇಲೆ ಭಾರ ಬಿಟ್ಟು ಸೊಂಟ ವಾಲಿರುತ್ತೆ. ನಮ್ಮ ಶಿಲ್ಪದಲ್ಲಿ ಇದಕ್ಕೆ ತ್ರಿಭಂಗ ಅನ್ನೋ ಹೆಸರೇ ಇದೆ: ಕುತ್ತಿಗೆ, ಸೊಂಟ, ಮಂಡಿ, ಮೂರು ಕಡೆ ಬಳುಕು.

ಅಭ್ಯಾಸ ಸುಲಭ. ಫೋನಲ್ಲಿ 30 ಸೆಕೆಂಡಿನ ಟೈಮರ್ ಇಡಿ. ಒಬ್ಬ ಮನುಷ್ಯನನ್ನ ನೋಡಿ, ಒಂದು ಗೆರೆ, ತಲೆಗೊಂದು ಸೊನ್ನೆ, ಕೈಕಾಲಿಗೆ ನಾಲ್ಕು ಗೆರೆ. ಅಷ್ಟೇ, ನಿಲ್ಲಿಸಿ. ದಿನಕ್ಕೆ 20 ಮಾಡಿ. ಮೊದಲ ವಾರ ಎಲ್ಲ ಸೊಳ್ಳೆ ಬತ್ತಿ ಥರ ಕಾಣುತ್ತೆ. ಕಾಣಲಿ ಬಿಡಿ. ನಾನು ಇದನ್ನ ಮಾಡಿದ್ದು ಬಾಣಾವರ ಸ್ಟೇಷನ್‌ನಲ್ಲಿ. ರೈಲು ತಡ ಆದಷ್ಟೂ ಒಳ್ಳೇದು, ಕಾಯೋರ ಮೈ ಬಹಳ ಮಾತಾಡುತ್ತೆ.

ಎರಡು: ಭಾರ ಎಲ್ಲಿದೆ?

ಹಳೇಬೀಡಿನಲ್ಲಿ ಎರಡು ಶಿಲ್ಪಗಳನ್ನ ತಪ್ಪದೆ ನೋಡಿ. ಒಂದರಲ್ಲಿ ರಾವಣ ಕೈಲಾಸವನ್ನ ಎತ್ತುತ್ತಿದ್ದಾನೆ. ಇನ್ನೊಂದರಲ್ಲಿ ಕೃಷ್ಣ ಗೋವರ್ಧನ ಎತ್ತಿದ್ದಾನೆ. ಇಬ್ಬರ ಕೆಲಸವೂ ಒಂದೇ, ಬೆಟ್ಟ ಎತ್ತೋದು. ಆದರೆ ರಾವಣ ಕೆಳಗೆ ಕುಗ್ಗಿದ್ದಾನೆ, ಮಂಡಿ ಬಾಗಿದೆ, ಇರೋ ಕೈಗಳೆಲ್ಲ ಕೆಲಸಕ್ಕೆ ಬಂದಿವೆ. ಮೇಲೆ ಕೈಲಾಸದ ತುಂಬ ಗಣಗಳು, ಪ್ರಾಣಿಗಳು ಒತ್ತೊತ್ತಾಗಿ ತುಂಬಿರೋದರಿಂದ ಬೆಟ್ಟ ಇನ್ನೂ ಭಾರ ಅನ್ನಿಸುತ್ತೆ. ಕೃಷ್ಣನನ್ನ ನೋಡಿದರೆ ಸೊಂಟ ವಾಲಿಸಿಕೊಂಡು ಆರಾಮಾಗಿ ನಿಂತಿದ್ದಾನೆ. ಮೇಲೆತ್ತಿದ ಒಂದು ಕೈ ಸಾಕಾಗಿದೆ.

ಇಬ್ಬರ ಮುಖವನ್ನೂ ಕೈಯಿಂದ ಮುಚ್ಚಿಕೊಂಡು ನೋಡಿ (ದೂರದಿಂದ, ಶಿಲ್ಪ ಮುಟ್ಟಬೇಡಿ). ಒಬ್ಬನಿಗೆ ಇದು ಹಠ, ಇನ್ನೊಬ್ಬನಿಗೆ ಲೀಲೆ. ಅದನ್ನ ಹೇಳಿದ್ದು ಮಂಡಿ ಮತ್ತೆ ಸೊಂಟ. ಹಾಗಾಗಿ ಪಾತ್ರ ಬರೆಯುವಾಗ “ಇವನು ಏನು ಮಾಡ್ತಿದ್ದಾನೆ” ಅನ್ನೋದರ ಜೊತೆಗೆ “ಇದು ಇವನಿಗೆ ಎಷ್ಟು ಭಾರ” ಅಂತಲೂ ಕೇಳ್ಕೊಳ್ಳಿ. ಖಾಲಿ ಚೀಲವೂ ಕೆಲವರಿಗೆ ಭಾರವೇ.

ಮೂರು: ಕಪ್ಪು ಮಾಡಿ ನೋಡಿ

ನಿಮ್ಮ ಚಿತ್ರದ ಫೋಟೋ ತೆಗೆದು, ಯಾವುದಾದರೂ ಆ್ಯಪ್‌ನಲ್ಲಿ ಪಾತ್ರವನ್ನ ಪೂರ್ತಿ ಕಪ್ಪು ಬಣ್ಣ ತುಂಬಿ. ನೆರಳು ಮಾತ್ರ ಉಳಿದಾಗಲೂ ಅರ್ಥ ಆಗುತ್ತಾ? ಕೈ ಎದೆಯ ಮುಂದೆ ಇದ್ದರೆ ಅದು ಕಪ್ಪಿನಲ್ಲಿ ಕಪ್ಪಾಗಿ ಕಳೆದುಹೋಗುತ್ತೆ. ಅದೇ ಕೈಯನ್ನ ಮೈಯಿಂದ ಸ್ವಲ್ಪ ಹೊರಗೆ ತಂದರೆ ಕಾಣುತ್ತೆ. ಬೊಂಬೆಯಾಟದ ತೊಗಲುಗೊಂಬೆಗಳು ಬಹುತೇಕ ಪಕ್ಕದಿಂದ ನೋಡಿದ ಹಾಗಿರೋದು ಯಾಕೆ ಅಂತ ಯೋಚಿಸಿ. ಪರದೆಯ ಆಚೆ ಕೂತೋರಿಗೆ ಮೂಗು, ಗಡ್ಡ, ಎತ್ತಿದ ಕೈ ಸ್ಪಷ್ಟವಾಗಿ ಕಾಣೋದು ಹಾಗಿದ್ದಾಗಲೇ.

ಡಿಸ್ನಿಯ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಬರೆದ ಪುಸ್ತಕದಲ್ಲಿ ಆನಿಮೇಷನ್‌ನ 12 ಸೂತ್ರಗಳಿವೆ. ಅದರಲ್ಲಿ ಸ್ಟೇಜಿಂಗ್ ಅನ್ನೋದೂ ಒಂದು. ನೋಡೋರಿಗೆ ಒಂದು ಹೊತ್ತಿಗೆ ಒಂದೇ ವಿಷಯ, ಗೊಂದಲ ಇಲ್ಲದೆ. ನೆರಳಿನ ಪರೀಕ್ಷೆ ಅದಕ್ಕೇ ಇರೋದು.

ನಾಲ್ಕು: ನೀವು ಎಲ್ಲಿ ನಿಂತು ನೋಡ್ತಿದ್ದೀರಿ?

ಇಲ್ಲಿಂದ ಪಾತ್ರ ಬಿಟ್ಟು ದೃಶ್ಯಕ್ಕೆ ಬರೋಣ. ಹಳೇಬೀಡಿನ ಪಟ್ಟಿಕೆಯಲ್ಲಿ ಅಭಿಮನ್ಯುವಿನ ಚಕ್ರವ್ಯೂಹ ಇದೆ. ವ್ಯೂಹ ಸುರುಳಿ ಸುರುಳಿಯಾಗಿದೆ, ಡ್ರೋನ್‌ನಿಂದ ಕೆಳಗೆ ನೋಡಿದ ಹಾಗೆ. ಪಕ್ಕದಲ್ಲಿರೋ ಯೋಧರು ಮಾತ್ರ ನಮ್ಮೆದುರು ನಿಂತ ಹಾಗಿದ್ದಾರೆ. ಕ್ಯಾಮೆರಾ ಲೆಕ್ಕದಲ್ಲಿ ಇದು ತಪ್ಪು. ಕಥೆಯ ಲೆಕ್ಕದಲ್ಲಿ ಪೂರ್ತಿ ಸರಿ. ಹೊರಬರೋ ದಾರಿ ಗೊತ್ತಿಲ್ಲ ಅನ್ನೋದೇ ಆ ಕಥೆಯ ಸಂಕಟ. ದಾರಿಯ ಸುರುಳಿ ಕಾಣಬೇಕಾದರೆ ಮೇಲಿನಿಂದಲೇ ನೋಡಬೇಕು.

ಹಾಗಾಗಿ ಪ್ರತಿ ದೃಶ್ಯಕ್ಕೂ ಇಲ್ಲಿ ಸಂಕಟ ಯಾವುದು, ಅದು ಎಲ್ಲಿಂದ ಕಾಣುತ್ತೆ ಅಂತ ಕೇಳಿ. ಒಬ್ಬಂಟಿತನ ಹೇಳೋಕೆ ದೂರ ಹೋಗಿ, ಸುತ್ತ ಜಾಗ ಬಿಡಿ. ಗುಟ್ಟು ಹೇಳೋಕೆ ಹತ್ತಿರ ಬನ್ನಿ. ಹೆದರಿಕೆಗೆ ಮಗುವಿನ ಎತ್ತರಕ್ಕೆ ಕೂತ್ಕೊಳ್ಳಿ.

ಪಕ್ಕದವರನ್ನೂ ಮರೀಬೇಡಿ. ಗೋವರ್ಧನದ ಶಿಲ್ಪದಲ್ಲಿ ದನಕರುಗಳಿವೆ, ಗೊಲ್ಲರಿದ್ದಾರೆ. ಕೃಷ್ಣ ಯಾರನ್ನ ಕಾಪಾಡ್ತಿದ್ದಾನೆ ಅಂತ ಹೇಳೋದು ಅವರೇ. ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನೂ ಹಾಗೇ. ಚೌಕಳಿ ಕೋಟು ಹಾಕ್ಕೊಂಡು ಮೂಲೆಯಲ್ಲಿ ನಿಂತಿರ್ತಾನೆ, ಒಂದು ಮಾತೂ ಆಡಲ್ಲ. ಆದರೆ ಮಂತ್ರಿ ಹೇಳಿದ ಮಾತಿಗೆ ಅರ್ಥ ಬರೋದು ಅವನು ನಿಂತ ರೀತಿಯಿಂದ.

ಐದು: ಮುಂದಿನ ಚೌಕಕ್ಕೆ ಏನು ಉಳಿಸ್ತೀರಿ?

ಹಳೇಬೀಡಿನ ಕಥೆಯನ್ನ ನಿಂತಲ್ಲೇ ನೋಡೋಕೆ ಆಗಲ್ಲ. ಗೋಡೆ ನಕ್ಷತ್ರದ ಹಾಗೆ ಒಳಗೆ ಹೊರಗೆ ಮಡಿಚಿಕೊಂಡಿದೆ. ನಾವು ನಡೆದಂತೆ ಮೂಲೆ ತಿರುಗುತ್ತೆ, ಮುಂದಿನ ಸನ್ನಿವೇಶ ಎದುರಾಗುತ್ತೆ. ನೀವು ಫೋನಲ್ಲಿ ಸ್ವೈಪ್ ಮಾಡೋದೂ ಇದೇ ಥರ. ಒಂದು ಚೌಕದಿಂದ ಇನ್ನೊಂದಕ್ಕೆ ಹೋಗುವಾಗ ಮಧ್ಯೆ ಆಗಿದ್ದನ್ನ ನೋಡೋರೇ ತುಂಬ್ಕೊಳ್ತಾರೆ. ಎಲ್ಲವನ್ನೂ ತೋರಿಸಿಬಿಟ್ಟರೆ ಅವರಿಗೆ ಕೆಲಸ ಇಲ್ಲ.

ಸಿನಿಮಾದೋರು ಶೂಟಿಂಗ್‌ಗೆ ಮೊದಲು ಸ್ಟೋರಿಬೋರ್ಡ್ ಮಾಡೋದೂ ಈ ಜೋಡಣೆ ಸರಿಯಾಗಿದೆಯಾ ಅಂತ ನೋಡೋಕೆ. ಸತ್ಯಜಿತ್ ರೇ 1955ರ ‘ಪಥೇರ್ ಪಾಂಚಾಲಿ’ಗೆ ಪೂರ್ತಿ ಸ್ಕ್ರಿಪ್ಟ್ ಬರೆಯೋ ಬದಲು ದೃಶ್ಯಗಳನ್ನ ಸ್ಕೆಚ್ ಮಾಡಿ, ಪಕ್ಕದಲ್ಲಿ ಟಿಪ್ಪಣಿ ಬರೆದುಕೊಂಡು ಹೊರಟಿದ್ದರು. ನಿಮಗೂ ದೊಡ್ಡ ಹಾಳೆ ಬೇಡ. ಬೆಂಕಿಪೊಟ್ಟಣದಷ್ಟು ಚೌಕ, ಒಂದಕ್ಕೆ ಒಂದು ನಿಮಿಷ. ಚೆನ್ನಾಗಿಲ್ಲ ಅಂದರೆ ಹೊಡೆದು ಹಾಕಿ. ಎರಡು ರಾತ್ರಿ ಶೇಡಿಂಗ್ ಮಾಡಿದ್ದನ್ನ ಹೊಡೆದು ಹಾಕೋಕೆ ಮನಸ್ಸು ಬರಲ್ಲ, ನನ್ನ ಅನುಭವ ಇದು.

ಮತ್ತೆ ಅಪ್ಪನ ಚಿತ್ರ

ಹಳೇಬೀಡಿಂದ ಬಂದಮೇಲೆ ನಾಲ್ಕು ಚೌಕದಲ್ಲಿ ಮತ್ತೆ ಬರೆದೆ.

ಮೊದಲನೇದು ದೂರದಿಂದ: ಬಾಗಿಲು ತೆರೆದ ಮನೆ, ಮೇಲೆ ಖಾಲಿ ಅಟ್ಟ, ಗೇಟಿನ ಹತ್ತಿರ ಚಿಕ್ಕದಾಗಿ ಅಪ್ಪ. ಎರಡನೇದರಲ್ಲಿ ಬರೀ ಚಪ್ಪಲಿ. ರೇಟು ಚೆನ್ನಾಗಿದ್ದ ದಿನ ಅವು ಒಂದೊಂದು ದಿಕ್ಕಿಗೆ ಬಿದ್ದಿರ್ತವೆ, ಅಪ್ಪ ಗೇಟಿನಿಂದಲೇ ಕೂಗ್ತಾ ಬರ್ತಾರೆ. ಇಲ್ಲಿ ಜೋಡಿಯಾಗಿ, ನೀಟಾಗಿ ಬಿಟ್ಟಿದ್ದಾರೆ. ಮೂರನೇದರಲ್ಲಿ ಅಮ್ಮ, ಕೈಯಲ್ಲಿ ನೀರಿನ ಲೋಟ, ಹೊಸ್ತಿಲು ದಾಟದೆ ನಿಂತಿದ್ದಾರೆ. ನಾಲ್ಕನೇದರಲ್ಲಿ ಅಪ್ಪ ಜಗುಲಿ ಮೇಲೆ, ಬೆನ್ನು ನಮ್ಮ ಕಡೆ. ಟವೆಲ್ ಹೆಗಲ ಮೇಲಿಲ್ಲ, ಮಡಿಚಿ ಮಂಡಿ ಮೇಲಿದೆ. ಮುಖ ಎಲ್ಲೂ ಇಲ್ಲ.

ಅಮ್ಮನಿಗೆ ತೋರಿಸಿದೆ. ಈ ಸಲ ತಕ್ಷಣ ಏನೂ ಹೇಳಲಿಲ್ಲ. ಆಮೇಲೆ ಕೇಳಿದ್ದು ಇಷ್ಟೇ: “ಇದು ಹೋದ್ ವರ್ಷದ್ದಲ್ವಾ?”

ಅಪ್ಪನಿಗೆ ಇನ್ನೂ ತೋರಿಸಿಲ್ಲ. ಅವರು ಮುಚ್ಚಿಟ್ಟಿದ್ದನ್ನ ನಾನು ನೋಡಿಬಿಟ್ಟಿದ್ದೀನಿ ಅಂತ ಅವರಿಗೆ ಗೊತ್ತಾಗಬೇಕಾ ಬೇಡವಾ, ಇನ್ನೂ ತೀರ್ಮಾನ ಮಾಡಿಲ್ಲ. ನೀವೂ ಮನೆಯೋರನ್ನ, ಸ್ಟೇಷನ್‌ನಲ್ಲಿ ಕೂತೋರನ್ನ ಬರೀತೀರಲ್ಲ, ಇದು ತಲೇಲಿರಲಿ. ಗುರುತು ಸಿಗೋ ಹಾಗಿದ್ದರೆ ಪೋಸ್ಟ್ ಮಾಡೋಕೆ ಮೊದಲು ಅವರನ್ನ ಕೇಳಿ. ಬೆನ್ನಿನಿಂದ ಬರೆದರೂ ಮನೆಯೋರಿಗೆ ಗುರುತು ಸಿಕ್ಕೇ ಸಿಗುತ್ತೆ.

ಈ ವಾರದ ಹೋಮ್‌ವರ್ಕ್

ನಿಮ್ಮ ಮನೆಯಲ್ಲಿ ಮಾತೇ ಇಲ್ಲದೆ ಎಲ್ಲರಿಗೂ ಅರ್ಥ ಆಗೋ ಒಂದು ಸಂಗತಿ ಆರಿಸ್ಕೊಳ್ಳಿ. ನಾಲ್ಕು ಚೌಕ. ಡೈಲಾಗ್ ಇಲ್ಲ, ಕಣ್ಣೀರಿಲ್ಲ, ಒಂದು ಚೌಕದಲ್ಲಾದರೂ ಬೆನ್ನು ಇರಲೇಬೇಕು. ಹತ್ತು ರೂಪಾಯಿ ಪೆನ್ನು, ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆ ಸಾಕು. ಆಮೇಲೆ ಏನೂ ವಿವರಿಸದೆ ಒಬ್ಬರಿಗೆ ತೋರಿಸಿ. ಅವರು “ಚೆನ್ನಾಗಿದೆ” ಅಂದರೆ ಮತ್ತೆ ಬರೀರಿ. “ಏನಾಯ್ತು ಇವರಿಗೆ?” ಅಂತ ಕೇಳಿದರೆ ನೀವು ಗೆದ್ದಿರಿ.

ಕೊನೆಗೆ ಕೆಳಗೆ ಸಹಿ ಹಾಕಿ, ತಾರೀಖು ಬರೀರಿ. ಇದೇನು ಜಂಬ ಅಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಮಾಡಿದ ಶಿಲ್ಪದ ಕೆಳಗೆ ಹೆಸರು ಕೆತ್ತಿದ್ದಾರೆ. ಅದಕ್ಕೇ ಇವತ್ತು ನಾವು ಅವರ ಹೆಸರು ಹೇಳ್ತಾ ಇರೋದು.

ಮುಂದಿನ ವಾರ ಸಿಗೋಣ. ಅಲ್ಲಿವರೆಗೆ, ಯಾರಾದರೂ ಮನೆಗೆ ಬಂದಾಗ ಒಂದು ಸಲ ಫೋನಿಂದ ತಲೆ ಎತ್ತಿ, ಅವರು ಚಪ್ಪಲಿ ಹೇಗೆ ಬಿಡ್ತಾರೆ ನೋಡಿ.